ಕೆಂಪು ಬೆಳಕಿನ ಹೆಡ್‌ಲ್ಯಾಂಪ್: ಕಾಡುಪಾಪ ಇರುವ ತೋಟಕ್ಕೆ ಇದು ಸರಿಯೇ?

ಇದು ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿಯ ಬಗ್ಗೆ. ಬಿಳಿ ಬೆಳಕಿನ ಜೊತೆ ಕೆಂಪು ಬೆಳಕೂ ಇರುವ, ಯುಎಸ್‌ಬಿ ವೈರಿನಲ್ಲಿ ಚಾರ್ಜ್ ಆಗುವ ಸಾಧಾರಣ ಹೆಡ್‌ಲ್ಯಾಂಪ್. ತುಮಕೂರಿನ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ತಂದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಲ್ಯಾಂಪ್ ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಬರುತ್ತದೆ. ಹೆಸರು ನೋಡಿ ಕೊಳ್ಳುವುದಕ್ಕಿಂತ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ ಕೊಳ್ಳುವುದು ಒಳ್ಳೆಯದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ತಾಲ್ಲೂಕಿನ ಹಳ್ಳಿ. ತೆಂಗು, ಅಡಿಕೆ, ಒಂದಿಷ್ಟು ರಾಗಿ ಹೊಲ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಆಗ ಎದ್ದು ಹೋಗಿ ಮೋಟರ್ ಹಾಕಬೇಕು, ಗೇಟ್‌ವಾಲ್ವ್ ತಿರುಗಿಸಬೇಕು, ಡ್ರಿಪ್ ಪೈಪು ಎಲ್ಲಿ ಕಿತ್ತುಕೊಂಡಿದೆ ಅಂತ ಸಾಲು ಸಾಲು ನೋಡಬೇಕು. ಈ ಕೆಲಸಕ್ಕೆ ಎರಡೂ ಕೈ ಖಾಲಿ ಇರಬೇಕು. ಹಾಗಾಗಿ ಹೆಡ್‌ಲ್ಯಾಂಪ್. ಕೆಂಪು ಬೆಳಕು ಇರುವುದೇ ಬೇಕು ಅಂತ ಹುಡುಕಿದ್ದು ನಮ್ಮ ಬೇಲಿಯಲ್ಲಿ ರಾತ್ರಿ ಓಡಾಡುವ ಕಾಡುಪಾಪ ಅನ್ನುವ ಪುಟ್ಟ ಪ್ರಾಣಿಗಳಿಗಾಗಿ.

ನಾಗವಳ್ಳಿ ಸುತ್ತಮುತ್ತ ಕಾಡುಪಾಪ ಇರುವುದು ತುಮಕೂರಿನವರಿಗೆ ಹೊಸ ವಿಷಯವಲ್ಲ. ನಮ್ಮೂರಿನ ಹೆಸರು ಮಾತ್ರ ಹೇಳುವುದಿಲ್ಲ. ಮಾಟಕ್ಕೆ, ಕಣ್ಣಿನ ಔಷಧಿಗೆ ಅಂತ ಇವನ್ನು ಹಿಡಿಯುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿರುವ ಪ್ರಾಣಿ ಇದು, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಆದರೆ ಬೇಲಿ ಹತ್ತಿರ ರಾತ್ರಿ ಕಾವಲು ಕೂರುವವರು ಯಾರೂ ಇಲ್ಲ.

ನೋಡದೇ ಇರುವವರಿಗೆ ಒಂದೆರಡು ಮಾತು. ಕೋತಿ, ಮುಸುವ, ನಾವು ಎಲ್ಲ ಸೇರಿರುವ ಗುಂಪಿಗೇ ಕಾಡುಪಾಪವೂ ಸೇರುತ್ತದೆ. ತೂಕ ಕಾಲು ಕಿಲೋ ಆಸುಪಾಸು. ಬಾಲ ಕಾಣುವುದಿಲ್ಲ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಹಗಲೆಲ್ಲ ಪೊದೆಯೊಳಗೆ ಮುದುರಿ ಮಲಗಿದ್ದು, ಕತ್ತಲಾದ ಮೇಲೆ ಎದ್ದು ಹುಳ ಹುಡುಕುತ್ತದೆ. ಕೋತಿಯ ಹಾಗೆ ನೆಗೆಯಲು ಇದಕ್ಕೆ ಬರುವುದಿಲ್ಲ. ಮುಂದಿನ ಕೊಂಬೆ ಕೈಗೆ ಎಟುಕಬೇಕು, ಆಗಲೇ ಹಿಂದಿನದನ್ನು ಬಿಡುವುದು. ನಮ್ಮ ಕಡೆ ಇರುವುದು ಮೈಸೂರು ಕಾಡುಪಾಪ ಅನ್ನುವ ಉಪಜಾತಿ. ಪಶ್ಚಿಮ ಘಟ್ಟದ ಒದ್ದೆ ಕಾಡಿನದು ಮಲಬಾರ್ ಕಾಡುಪಾಪ, ಅದು ಬೇರೆ. ನಮ್ಮದು ಬಯಲುಸೀಮೆಯ ಒಣ ಹವೆಗೆ ಹೊಂದಿಕೊಂಡದ್ದು. ಹುಣಸೆ, ಜಾಲಿ, ಹೊಂಗೆ, ಲಂಟಾನ ಒತ್ತಾಗಿ ಬೆಳೆದ ಬೇಲಿ ಇದ್ದರೆ ಅದಕ್ಕೆ ಸಾಕು.

ಇನ್ನು ಕೆಂಪು ಬೆಳಕೇ ಯಾಕೆ ಅನ್ನುವುದು. ಮಂದ ಬೆಳಕಿನಲ್ಲಿ ನೋಡಲು ಕಣ್ಣಿನೊಳಗೆ ದಂಡಕೋಶಗಳು ಇರುತ್ತವೆ. ನೀಲಿ, ಹಸಿರು ಬೆಳಕಿಗೆ ಇವು ಚುರುಕು, ಕೆಂಪಿಗೆ ತುಂಬಾ ಮಂಕು. ನಮ್ಮ ಕಣ್ಣಿನಲ್ಲೂ ಅಷ್ಟೇ. ಕಾಡುಪಾಪದ ಕಣ್ಣು ಹೆಚ್ಚಾಗಿ ಈ ದಂಡಕೋಶಗಳನ್ನೇ ನಂಬಿಕೊಂಡದ್ದು. ಅದರ ಮೇಲೆ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಬಂದ ಬೆಳಕು ಅದಕ್ಕೆ ಬಡಿದು ಹಿಂದಕ್ಕೆ ಬರುವಾಗ ಮತ್ತೊಂದು ಸಲ ಆ ಕೋಶಗಳನ್ನು ಹಾದು ಹೋಗುತ್ತದೆ. ಕತ್ತಲಲ್ಲಿ ಇದು ದೊಡ್ಡ ಅನುಕೂಲ. ಬ್ಯಾಟರಿ ಬಿಟ್ಟಾಗ ಕಿತ್ತಳೆ ಬಣ್ಣದಲ್ಲಿ ಕಣ್ಣು ಹೊಳೆಯುವುದೂ ಇದರಿಂದಲೇ. ಆದರೆ ಅದೇ ಕಣ್ಣಿಗೆ ಜೋರು ಬಿಳಿ ಬೆಳಕು ಬಿದ್ದರೆ ಹೊಡೆತವೂ ಎರಡು ಪಟ್ಟು, ಅಲ್ವಾ? ಬೇರೆ ಬೇರೆ ದೇಶಗಳಲ್ಲಿ ರಾತ್ರಿ ಪ್ರಾಣಿಗಳ ಹಿಂದೆ ಓಡಾಡುವ ಸಂಶೋಧಕರು ದೀಪಕ್ಕೆ ಕೆಂಪು ಫಿಲ್ಟರ್ ಹಾಕಿಕೊಳ್ಳುವುದು ಇದಕ್ಕೇ.

ಚಿಕ್ಕಪ್ಪನಿಗೆ ಈ ಲೆಕ್ಕವೆಲ್ಲ ಬೇಡ. ಅವರು ಹೇಳುವುದು ಇಷ್ಟೇ: "ಬಿಳೇ ಬ್ಯಾಟ್ರಿ ಬಿಡ್ಬೇಡ ಕಣಮ್ಮಾ, ಅದು ಮುಖ ತಿರುಗಿಸ್ಕೊಂಡು ಅಲ್ಲೇ ಕೂತ್ಬಿಡುತ್ತೆ. ತಿನ್ನೋ ಹೊತ್ತಲ್ಲಿ ತಿನ್ನಲ್ಲ."

ನಾನು ನೋಡಿರುವುದೂ ಅದನ್ನೇ. ಬಿಳಿ ಬೆಳಕಿಗೆ ಕಾಡುಪಾಪ ನಿಂತಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ಮುಖ ಮರೆಮಾಡಿಕೊಂಡು ಎಲೆಗಳ ಹಿಂದೆ ಸರಿಯುತ್ತದೆ. ಕೆಂಪಿನಲ್ಲಿ ಒಂದು ಕ್ಷಣ ನೋಡಿ ತನ್ನ ಪಾಡಿಗೆ ಕೊಂಬೆ ಮೇಲೆ ಮುಂದೆ ಹೋಗುತ್ತದೆ. ಈ ಲ್ಯಾಂಪಿನ ಕೆಂಪು ಬೆಳಕು ಹತ್ತು ಹನ್ನೆರಡು ಅಡಿ ದೂರದ ಬೇಲಿಗೆ ಸಾಕಾಗುತ್ತದೆ. ಎತ್ತರದ ಹುಣಸೆ ಮರದ ತುದಿಗೆ ಸಾಲದು. ನನಗೆ ಅದು ಕೊರತೆ ಅನ್ನಿಸಿಲ್ಲ.

ಕೊರತೆ ಇರುವುದು ಸ್ವಿಚ್ಚಿನಲ್ಲಿ. ಬೆಳಕು ಬದಲಿಸಲು ಇರುವುದು ಒಂದೇ ಗುಂಡಿ. ಒತ್ತಿದರೆ ಮೊದಲು ಬಿಳಿ ಜೋರು, ಆಮೇಲೆ ಬಿಳಿ ಕಮ್ಮಿ, ಆಮೇಲೆ ಕೆಂಪು, ಆಮೇಲೆ ಕೆಂಪು ಮಿಣುಕು, ಕೊನೆಗೆ ಆಫ್. ಅಂದರೆ ಕೆಂಪು ಬೇಕೆಂದರೆ ಪ್ರತಿ ಸಲ ಎರಡು ಬಿಳಿ ದಾಟಿಯೇ ಹೋಗಬೇಕು. ಆರಿಸಬೇಕೆಂದರೆ ಆ ಮಿಣುಕನ್ನು ದಾಟಬೇಕು. ಬೇಲಿಯ ಪಕ್ಕ ನಿಂತು ಇದನ್ನು ಮಾಡುವಂತಿಲ್ಲ. ನಾನು ಮನೆ ಜಗುಲಿಯಲ್ಲೇ ಕೆಂಪಿಗೆ ಇಟ್ಟುಕೊಂಡು ಹೊರಡುತ್ತೇನೆ, ವಾಪಸ್ ಬರುವ ತನಕ ಗುಂಡಿ ಮುಟ್ಟುವುದಿಲ್ಲ. ಕೆಂಪು ಬೆಳಕು ಕೊಡುತ್ತೇವೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆಯುವವರು, ಅದಕ್ಕೊಂದು ಬೇರೆ ಗುಂಡಿ ಕೊಡಲು ಎಷ್ಟು ಖರ್ಚಾಗುತ್ತದೆ? ಇದಕ್ಕೆ ನನಗೆ ನಿಜವಾಗಿಯೂ ಬೇಜಾರಿದೆ.

ಇನ್ನೊಂದು ತೊಂದರೆ, ಸೆನ್ಸರ್. ಲ್ಯಾಂಪಿನ ಮುಂದೆ ಕೈ ಬೀಸಿದರೆ ತಾನೇ ಹತ್ತುವ, ಆರುವ ವ್ಯವಸ್ಥೆ. ಕೈಗೆ ಮಣ್ಣಾಗಿರುವಾಗ ಅನುಕೂಲ ಅಂತ ಅಂಗಡಿಯವರು ಹೇಳಿದರು. ತೋಟದಲ್ಲಿ ಮುಖದ ಮುಂದೆ ಬಂದ ತೆಂಗಿನ ಗರಿ ಸರಿಸಿದರೂ ಅದು ಕೈ ಅಂದುಕೊಳ್ಳುತ್ತದೆ. ಬಿಳಿ ಬೆಳಕು ಝಗ್ ಅಂತ ಹತ್ತುತ್ತದೆ. ಸೆನ್ಸರ್‌ಗೆ ಪಕ್ಕದಲ್ಲಿ ಬೇರೆ ಗುಂಡಿ ಇದೆ, ಅದನ್ನು ಆಫ್ ಮಾಡಿಟ್ಟುಬಿಡಿ.

ಬೆಳಕಿನ ಜೋರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದ್ರೆ ಕಾಡುಪಾಪದ ರಾತ್ರಿಯನ್ನು ತುಂಬಾ ಮಟ್ಟಿಗೆ ತೀರ್ಮಾನ ಮಾಡುವುದು ಅದೇ. ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ ಲಕ್ಸ್. ತುಂಬು ಹುಣ್ಣಿಮೆಯ ಬೆಳಕು ನೆಲಕ್ಕೆ ಬೀಳುವುದು ಹೆಚ್ಚೆಂದರೆ ಕಾಲು ಲಕ್ಸ್‌ನಷ್ಟು. ಅಮಾವಾಸ್ಯೆಯ ನಕ್ಷತ್ರದ ಬೆಳಕು ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಈ ಎರಡರ ಮಧ್ಯೆ ಬದುಕುವ ಪ್ರಾಣಿ ಅದು. ಈ ಲ್ಯಾಂಪಿನ ಬಿಳಿ ಬೆಳಕು ಮೂವತ್ತು ಅಡಿ ದೂರದ ಕೊಂಬೆಯ ಮೇಲೆ ಬಿದ್ದರೂ ಹುಣ್ಣಿಮೆಯ ಹತ್ತಾರು ಪಟ್ಟು ಆಗುತ್ತದೆ. ನಮ್ಮ ಕಣ್ಣಿಗೇ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು.

ಬೆಳದಿಂಗಳು ಈ ಪ್ರಾಣಿಗೆ ಏನು ಮಾಡುತ್ತದೆ ಅನ್ನುವುದರ ಬಗ್ಗೆ 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನಗೆ ತುಂಬಾ ಹಿಡಿಸಿತು. ನಮ್ಮ ಕಾಡುಪಾಪ ಬೆಳದಿಂಗಳಿರಲಿ, ಕತ್ತಲಿರಲಿ, ರಾತ್ರಿ ಓಡಾಡುವ ದೂರವನ್ನು ಬದಲಿಸುವುದಿಲ್ಲವಂತೆ. ಬದಲಾಗುವುದು ಊಟ. ಚಂದ್ರ ಇರುವಾಗ ಹಾರುವ, ಓಡುವ ಹುಳಗಳನ್ನೂ ಹಿಡಿಯುತ್ತದೆ. ಚಂದ್ರ ಮುಳುಗಿದ ಮೇಲೆ ಹೆಚ್ಚಾಗಿ ಇರುವೆಗೇ ಇಳಿಯುತ್ತದೆ. ಇರುವೆ ಸಾಲು ಎಲ್ಲಿಗೂ ಓಡಿಹೋಗುವುದಿಲ್ಲ, ಕತ್ತಲಲ್ಲೂ ಸಿಗುತ್ತದೆ. ಒಳ್ಳೆಯ ಹುಳ ಹಿಡಿಯಲು ಕಣ್ಣು ಬೇಕು, ಕಣ್ಣಿಗೆ ಚೂರಾದರೂ ಬೆಳಕು ಬೇಕು. ಇದನ್ನು ತಿಳಿದ ಮೇಲೆ ಹುಣ್ಣಿಮೆ ಆಸುಪಾಸಿನಲ್ಲಿ ನಾನು ಲ್ಯಾಂಪ್ ಹತ್ತಿಸುವುದನ್ನೇ ಆದಷ್ಟು ಕಮ್ಮಿ ಮಾಡಿದ್ದೇನೆ. ತೆಂಗಿನ ಸಾಲಿನಲ್ಲಿ ನಡೆಯಲು ಬೆಳದಿಂಗಳೇ ಸಾಕು. ಅವುಗಳಿಗೆ ಒಳ್ಳೆಯ ಊಟ ಸಿಗುವ ರಾತ್ರಿಯಲ್ಲಿ ನನ್ನ ದೀಪ ಅಡ್ಡ ಬರಬಾರದು.

ರಾತ್ರಿ ಪ್ರಾಣಿಗಳೆಲ್ಲ ಬೆಳದಿಂಗಳಿಗೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಅದೇ ಸಂಶೋಧನೆಯಲ್ಲಿ ಆಫ್ರಿಕಾದ ಗಲಾಗೋ ಅನ್ನುವ ಪುಟ್ಟ ಪ್ರಾಣಿಯ ಮಾತೂ ಇದೆ. ಅದರ ಗಂಡು ಚಂದ್ರ ಇರುವಾಗ ನೆಲಕ್ಕಿಳಿದು ಒಂದು ಪೊದೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಚಂದ್ರ ಮುಳುಗಿದರೆ ಒತ್ತು ಪೊದೆ ಬಿಟ್ಟು ಬರುವುದಿಲ್ಲ. ಕತ್ತಲಲ್ಲಿ ನೆಲದ ಮೇಲಿನ ಶತ್ರು ಕಾಣುವುದಿಲ್ಲವಲ್ಲ. ಇಂಡೋನೇಷ್ಯಾದ ಸುಲವೆಸಿ ದ್ವೀಪದಲ್ಲಿರುವ ಟಾರ್ಸಿಯರ್ ಅನ್ನುವ ಪುಟ್ಟ ಪ್ರಾಣಿ ಹುಣ್ಣಿಮೆಯಲ್ಲಿ ಇನ್ನೂ ಚುರುಕು. ಕಾಂಬೋಡಿಯಾದ ಪುಟ್ಟ ಸ್ಲೋ ಲೋರಿಸ್, ಕಾಡುಪಾಪದ ನೆಂಟನೇ, ಪೂರ್ತಿ ಉಲ್ಟಾ. ಬೆಳದಿಂಗಳಲ್ಲಿ ಓಡಾಟ ಕಮ್ಮಿ ಮಾಡುತ್ತದೆ. ಬೆಳದಿಂಗಳ ಜೊತೆ ಚಳಿಯೂ ಇದ್ದರೆ ಇನ್ನೂ ಕಮ್ಮಿ.

ಚಳಿ ಅಂದಾಗ ನಮ್ಮ ಡಿಸೆಂಬರ್, ಜನವರಿ ನೆನಪಾಗುತ್ತದೆ. ದೇವರಾಯನದುರ್ಗದ ಕಡೆಯಿಂದ ತಣ್ಣನೆ ಗಾಳಿ ಬೀಸಿ, ಇಬ್ಬನಿ ಬಿದ್ದ ರಾತ್ರಿಗಳಲ್ಲಿ ನಮ್ಮ ಬೇಲಿಯಲ್ಲಿ ಹೊಳೆಯುವ ಕಣ್ಣು ಕಾಣುವುದು ಅಪರೂಪ. ಹುಳಗಳ ಸದ್ದೂ ಇರುವುದಿಲ್ಲ. ಚಳಿಯಲ್ಲಿ ಹುಳ ಏಳುವುದಿಲ್ಲ, ಹುಳ ಇಲ್ಲದಿದ್ದರೆ ಸುಮ್ನೆ ತಿರುಗಿ ಮೈ ಬಿಸಿ ಕಳೆದುಕೊಳ್ಳುವುದು ಯಾವ ಸಣ್ಣ ಪ್ರಾಣಿಗೂ ಲಾಭವಲ್ಲ. ವಿಯೆಟ್ನಾಂನಲ್ಲಿ ಅದೇ ಪುಟ್ಟ ಸ್ಲೋ ಲೋರಿಸ್ ಚಳಿಗಾಲದಲ್ಲಿ ಮೈ ತಣ್ಣಗೆ ಮಾಡಿಕೊಂಡು 63 ಗಂಟೆ ತನಕ ಒಂದೇ ಸಮ ಮಲಗಿದ್ದನ್ನು 2015ರಲ್ಲಿ ವರದಿ ಮಾಡಿದ್ದಾರೆ. ಮಡಗಾಸ್ಕರ್‌ನ ಒಂದು ಕುಬ್ಜ ಲೀಮರ್ ಅಂತೂ ಬಾಲದಲ್ಲಿ ಕೊಬ್ಬು ತುಂಬಿಕೊಂಡು ವರ್ಷಕ್ಕೆ ಏಳು ತಿಂಗಳು ಮರದ ಪೊಟರೆಯಲ್ಲಿ ಮಲಗುತ್ತದೆ. ನಮ್ಮದಕ್ಕೆ ಅಷ್ಟು ಚಳಿ ಎಲ್ಲಿ ಬಂತು? ನಮ್ಮವು ಹಗಲು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಮಲಗುತ್ತವೆ. ಹೀಗಾಗಿ ಚಳಿಗಾಲದಲ್ಲಿ ಕಾಡುಪಾಪ ನೋಡಲೇಬೇಕು ಅಂತ ಲ್ಯಾಂಪ್ ಹಿಡಿದು ಪೊದೆ ಪೊದೆ ಕೆದಕುವ ನೆಂಟರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಮೇ ತಿಂಗಳಿಗೆ ಬನ್ನಿ ಅನ್ನುತ್ತೇನೆ.

ಮೇ ತಿಂಗಳು ಯಾಕೆ ಅಂದರೆ ಈಸಲು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಏಳುವುದನ್ನು ನಮ್ಮ ಕಡೆ ನೋಡದವರಿಲ್ಲ. ಅಜ್ಜಿ ಇದ್ದಾಗ ಹುರಿದು ಕೊಡುತ್ತಿದ್ದರು. ಕಾಡುಪಾಪಕ್ಕೂ ಅದು ಹಬ್ಬ. ತಮಿಳುನಾಡಿನ ದಿಂಡಿಗಲ್ ಹತ್ತಿರ ಇದೇ ಮೈಸೂರು ಕಾಡುಪಾಪದ ಊಟವನ್ನು ಗಮನಿಸಿದ ಅಧ್ಯಯನ ಒಂದಿದೆ, 2003ರದು. ಅದು ತಿನ್ನುವುದರಲ್ಲಿ ನೂರಕ್ಕೆ 96ರಷ್ಟು ಹುಳಹುಪ್ಪಟೆ, ಸಣ್ಣ ಜೀವಿಗಳೇ. ಇರುವೆ, ಗೆದ್ದಲು ಜಾಸ್ತಿ. ಹಣ್ಣು ಹಂಪಲಿಗೆ ಬಾಯಿ ಹಾಕುವುದು ಬಲು ಕಮ್ಮಿ, ಹಾಗಾಗಿ ರೈತರಿಗೆ ಇದರಿಂದ ಒಂದು ಕಾಸಿನ ನಷ್ಟವಿಲ್ಲ. ಹಿಂಗಾಲಲ್ಲಿ ಕೊಂಬೆ ಹಿಡಿದುಕೊಂಡು, ಮೈ ಮುಂದಕ್ಕೆ ಚಾಚಿ, ಎರಡೂ ಕೈಯಲ್ಲಿ ತಟ್ಟನೆ ಹುಳ ಹಿಡಿಯುವುದನ್ನು ನಾನು ನೋಡಿದ್ದು ಈ ಲ್ಯಾಂಪಿನ ಕೆಂಪು ಬೆಳಕಿನಲ್ಲೇ. ಅಲ್ಲಿಯ ತನಕ ಅದು ಇಷ್ಟು ಚುರುಕು ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಈಸಲು ಏಳುವ ರಾತ್ರಿಯಲ್ಲಿ ಕೆಂಪು ಬೆಳಕಿನ ಇನ್ನೊಂದು ಗುಣ ಗೊತ್ತಾಗುತ್ತದೆ. ಬಿಳಿ ಹಾಕಿದರೆ ಹುಳವೆಲ್ಲ ಮುಖಕ್ಕೆ, ಕಿವಿಗೆ, ಬಾಯಿಗೆ. ಕೆಂಪಿಗೆ ಅಷ್ಟು ಬರುವುದಿಲ್ಲ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಿ ಅನ್ನಬಹುದು. ಮಳೆಯ ವಿಷಯಕ್ಕೆ ಬಂದರೆ, ಡಬ್ಬಿ ಮೇಲೆ ಐಪಿಎಕ್ಸ್ 4 ಅಂತಿದೆ. ಅಂದರೆ ಹನಿ ಎರಚಲು ತಡೆಯುತ್ತದೆ, ನೀರಲ್ಲಿ ಮುಳುಗಿದರೆ ತಡೆಯುವುದಿಲ್ಲ. ನಮ್ಮ ಮುಂಗಾರಿನ ಜಿಟಿಜಿಟಿ ಮಳೆಗೆ ಏನೂ ಆಗಿಲ್ಲ. ಚಾರ್ಜಿಂಗ್ ತೂತಿಗೆ ಇರುವ ರಬ್ಬರ್ ಮುಚ್ಚಳ ಮಾತ್ರ ಸಡಿಲ, ಉಗುರಲ್ಲಿ ಒತ್ತಿ ಒತ್ತಿ ಮುಚ್ಚಬೇಕು.

ಈಗ ಹಾವಿನ ವಿಷಯ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪು ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ. ಒಣ ಗರಿಯ ಪಕ್ಕ ಮಲಗಿದ ಕೊಳಕುಮಂಡಲ ಗರಿಯ ಹಾಗೇ ಕಾಣುತ್ತದೆ. ಕಟ್ಟುಹಾವಿನ ಪಟ್ಟೆ ಕಾಣುವುದಿಲ್ಲ. ಬರೀ ಕೆಂಪು ನಂಬಿಕೊಂಡು ತೋಟದಲ್ಲಿ ನಡೆಯುವುದು ಅಪಾಯ. ಕಮ್ಮಿ ಬಿಳಿ ಹಾಕಿಕೊಳ್ಳೋಣ ಅಂದರೆ, ಹೆಡ್‌ಲ್ಯಾಂಪ್ ತಲೆ ತಿರುಗಿದ ಕಡೆಗೆಲ್ಲ ತಿರುಗುತ್ತದೆ. ಮೇಲೆ ಏನೋ ಸದ್ದಾಯಿತು ಅಂತ ತಲೆ ಎತ್ತಿದರೆ ಬಿಳಿ ಬೆಳಕು ನೇರ ಕಾಡುಪಾಪದ ಕಣ್ಣಿಗೆ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಹೀಗೆ: ಕಾಲಿಗೆ ಗಮ್‌ಬೂಟು, ಕೈಯಲ್ಲಿ ಹಳೇ ಸಣ್ಣ ಬ್ಯಾಟರಿ, ಅದರ ಬಿಳಿ ಬೆಳಕು ಬರೀ ಪಾದದ ಮುಂದೆ ನೆಲಕ್ಕೆ. ತಲೆ ಮೇಲಿನದು ಯಾವಾಗಲೂ ಕೆಂಪು. ವಾಲ್ವ್ ಹತ್ತಿರ ಬಂದು, ಸುತ್ತ ನೆಲ ನೋಡಿಕೊಂಡು, ಕೈ ಬ್ಯಾಟರಿ ಜೇಬಿಗೆ ಹಾಕಿ, ಕೆಂಪಿನಲ್ಲಿ ಎರಡೂ ಕೈ ಕೆಲಸ. ಹಾವೂ ಕಾಣುತ್ತದೆ, ಕಾಡುಪಾಪಕ್ಕೂ ತೊಂದರೆ ಇಲ್ಲ.

ಒಂದು ಲ್ಯಾಂಪಿನಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪಕ್ಕದ ತೋಟದವರು ಮೋಟರ್ ಶೆಡ್ಡಿಗೆ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಿದರು, ರಾತ್ರಿಯಿಡೀ ಉರಿಯುತ್ತಿತ್ತು. ಆ ಬೆಳಕು ಬೀಳುವ ಬೇಲಿ ತುಂಡಿನಲ್ಲಿ ಆಮೇಲೆ ನಾನು ಕಾಡುಪಾಪ ನೋಡಲಿಲ್ಲ, ಅದೇ ಬೇಲಿಯ ಕತ್ತಲ ಕಡೆ ನೋಡಿದೆ. ಚಿಕ್ಕಪ್ಪ ಹೋಗಿ ಮಾತಾಡಿದರು. "ಅಣ್ಣಾ, ಲೈಟಿನ ಮುಖಾನ ಸ್ವಲ್ಪ ಕೆಳಕ್ಕೆ ತಿರುಗ್ಸಿ, ಮೋಟರ್ ಹಾಕೋವಾಗ ಮಾತ್ರ ಹಾಕ್ಕೊಳಿ" ಅಂದರು. ಅವರು ಒಪ್ಪಿಕೊಂಡರು, ಕರೆಂಟ್ ಬಿಲ್ಲೂ ಉಳಿಯುತ್ತದಲ್ಲ ಅಂತ.

ಬೇಲಿಯ ವಿಷಯವೂ ಹೀಗೆಯೇ. ಕಲ್ಲು ಕಂಬ, ತಂತಿ ಬಂದು ಹಸಿರು ಬೇಲಿ ಕಡಿದ ಕಡೆ ಕಾಡುಪಾಪದ ದಾರಿಯೇ ತುಂಡಾಗುತ್ತದೆ. ನೆಗೆಯಲಾರದ ಪ್ರಾಣಿ ನೆಲಕ್ಕಿಳಿದು ನಡೆಯುತ್ತದೆ, ನಾಯಿಗೆ, ರಸ್ತೆಯ ವಾಹನಕ್ಕೆ ಸಿಗುತ್ತದೆ. ಕೆಲವು ಕರೆಂಟ್ ತಂತಿ ಹಿಡಿದು ಸಾಯುತ್ತವೆ. ತಮಿಳುನಾಡು 2022ರಲ್ಲಿ ದಿಂಡಿಗಲ್, ಕರೂರು ಜಿಲ್ಲೆಗಳ ಕಡವೂರು ಕಾಡಿನಲ್ಲಿ 11,806 ಹೆಕ್ಟೇರ್ ಜಾಗವನ್ನು ಕಾಡುಪಾಪದ ಅಭಯಾರಣ್ಯ ಮಾಡಿತು, ದೇಶದಲ್ಲೇ ಮೊದಲನೆಯದು. ನಮ್ಮ ಬೇಲಿಗಳು ಯಾವ ಅಭಯಾರಣ್ಯದ ಒಳಗೂ ಬರುವುದಿಲ್ಲ. ಇಲ್ಲಿ ಅವುಗಳ ರಾತ್ರಿ ಹೇಗಿರುತ್ತದೆ ಅನ್ನುವುದು ಮಳೆ, ಚಳಿ, ಚಂದ್ರನ ಜೊತೆಗೆ ನಾವು ಯಾವ ಮರ ಉಳಿಸಿಕೊಳ್ಳುತ್ತೇವೆ, ಯಾವ ದೀಪ ಹಾಕುತ್ತೇವೆ ಅನ್ನುವುದರ ಮೇಲೂ ನಿಂತಿದೆ. ನನಗೆ 850 ರೂಪಾಯಿಯ ಒಂದು ಲ್ಯಾಂಪಿನ ಸ್ವಿಚ್ ಇಷ್ಟು ದೊಡ್ಡ ವಿಷಯ ಅನ್ನಿಸುವುದು ಅದಕ್ಕೇ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಕೆಂಪಿನಲ್ಲಿ ಇಟ್ಟರೆ ಚಾರ್ಜ್ ತುಂಬಾ ಹೊತ್ತು ನಿಲ್ಲುತ್ತದೆ, ಜೋರು ಬಿಳಿಯಲ್ಲಿ ಬೇಗ ಇಳಿಯುತ್ತದೆ. ಎಲಾಸ್ಟಿಕ್ ಪಟ್ಟಿ ಬೆವರಿಗೆ ಸಡಿಲವಾಗಿ ಜಾರುತ್ತದೆ, ಟೋಪಿ ಮೇಲೆ ಕಟ್ಟಿದರೆ ಪರವಾಗಿಲ್ಲ. ತೂಕ ಹಗುರ, ಹಣೆ ನೋಯುವುದಿಲ್ಲ. ಬರೀ ತೋಟದ ಕೆಲಸಕ್ಕಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಾಡುಪಾಪ ಇರುವ ಜಾಗಕ್ಕೆ, ಸ್ವಿಚ್ ಹೀಗೇ ಇರುವ ತನಕ, ಎರಡೂವರೆ.

ಕೊಳ್ಳುವವರು ಅಂಗಡಿಯಲ್ಲೇ ಡಬ್ಬಿ ತೆಗೆಸಿ ಗುಂಡಿ ಒತ್ತಿ ನೋಡಿ. ಮೊದಲ ಸಲ ಒತ್ತಿದಾಗಲೇ ಕೆಂಪು ಬರುವ, ಇಲ್ಲವೇ ಕೆಂಪಿಗೆ ಬೇರೆ ಗುಂಡಿ ಇರುವ ಮಾದರಿ ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಈಗಾಗಲೇ ಬಿಳಿ ಲ್ಯಾಂಪ್ ಇದ್ದರೆ ಹೊಸದು ಬೇಡ. ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಜಿಲೇಟಿನ್ ಪೇಪರ್ ಸಿಗುತ್ತದೆ. ಎರಡು ಮೂರು ಪದರ ಮಡಿಸಿ, ಗಾಜಿನ ಮೇಲೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ. ಕಮ್ಮಿ ಬೆಳಕಿನಲ್ಲೇ ಇಡಿ, ಜೋರಾಗಿ ಇಟ್ಟರೆ ಪೇಪರ್ ಬಿಸಿಯಾಗಿ ಮುದುಡಿಕೊಳ್ಳುತ್ತದೆ.